ನಿನ್ನೆವರೆಗೆ ಜೊತೆಗಾರ, ಇವತ್ತು ಸೂಪರ್‌ವೈಸರ್. ಗೆಳೆಯನಿಂದ ಕೆಲಸ ತೆಗೆಯುವುದು ಹೇಗೆ?

ಪೀಣ್ಯ ಎರಡನೇ ಹಂತ | ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಪೀಣ್ಯದ ಒಂದು ಸಿಎನ್‌ಸಿ ಶಾಪ್‌ನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ಗಳಲ್ಲಿ ಲೋಹದ ಬಿಡಿಭಾಗ ಕತ್ತರಿಸುವ ಕಡೆ, ಒಂಬತ್ತು ವರ್ಷದಿಂದ ಇದ್ದೇನೆ. ಮೊದಲು ಆಪರೇಟರ್, ಆಮೇಲೆ ಮೆಷಿನ್ ಹೊಂದಿಸಿ ಕೊಡುವ ಸೆಟ್ಟರ್. ಎರಡು ತಿಂಗಳ ಹಿಂದೆ ಮಾಲೀಕರು ಕರೆದು "ನಾಳೆಯಿಂದ ನೀನೇ ಸೂಪರ್‌ವೈಸರ್" ಎಂದರು. ಅಷ್ಟೇ. ಹೇಗೆ, ಏನು ಅಂತ ಯಾರೂ ಹೇಳಿಕೊಡಲಿಲ್ಲ. ಮೂರು ಶಿಫ್ಟ್ ಸೇರಿ 14 ಜನ ಇದ್ದಾರೆ.

ಅವರಲ್ಲಿ ಒಬ್ಬ ನನ್ನ ಹಳೇ ಜೊತೆಗಾರ. ಐಟಿಐ ಒಟ್ಟಿಗೆ ಮಾಡಿದೆವು. ಒಂದೇ ರೂಮ್‌ನಲ್ಲಿ ನಾಲ್ಕು ವರ್ಷ ಇದ್ದೆವು. ಈ ತಿಂಗಳು ಅವನದು ಮೊದಲ ಶಿಫ್ಟ್, ಬೆಳಿಗ್ಗೆ 6ಕ್ಕೆ. ಆದರೆ ಬರುವುದು 6:30, ಕೆಲವು ದಿನ 6:40. ಜೊತೆಗೆ ಅವನ ಮೆಷಿನ್‌ನಲ್ಲಿ ರಿಜೆಕ್ಷನ್ ಜಾಸ್ತಿ ಆಗಿದೆ. 25 ಮಿ.ಮೀ. ಬೋರ್ (ಪೀಸ್ ಒಳಗಿನ ರಂಧ್ರ), ಅಳತೆಯ ಮಿತಿ ಎಚ್7. ಅಂದರೆ 21 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ 21 ಭಾಗ) ಒಳಗೆ ಸಿಗಬೇಕು. ಬೆಳಗಿನ ಮೊದಲ ಐದಾರು ಪೀಸ್ ಓವರ್‌ಸೈಜ್ ಹೋಗುತ್ತಿವೆ. ಬೋರ್ ದೊಡ್ಡದಾದರೆ ಸರಿಮಾಡಲು ಆಗುವುದಿಲ್ಲ, ಸೀದಾ ಸ್ಕ್ರ್ಯಾಪ್.

ಮೊನ್ನೆ ಗುರುವಾರ ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಕೂಗಾಡಿದೆ. "ಸಂಬಳ ಸುಮ್ನೆ ಬರುತ್ತಾ?" ಎಂದುಬಿಟ್ಟೆ. ಅವನು ಒಂದು ಮಾತೂ ಆಡಲಿಲ್ಲ. ಶುಕ್ರವಾರ ಬರಲಿಲ್ಲ, ಇವತ್ತೂ ಬರಲಿಲ್ಲ. ಫೋನ್ ಎತ್ತುತ್ತಿಲ್ಲ. ಉಳಿದವರು ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಾರೆ. ಟೀ ಹೊತ್ತಿಗೆ ನನ್ನನ್ನು ಬಿಟ್ಟು ಹೋಗುತ್ತಾರೆ.

ಇನ್ನೊಂದು. ಮಾಲೀಕರು ನನಗೆ ಹೇಳದೆ ನೇರವಾಗಿ ಆಪರೇಟರ್ ಹತ್ತಿರ ಹೋಗಿ "ಇದನ್ನು ಇಳಿಸು, ಅದನ್ನು ಹಾಕು" ಎನ್ನುತ್ತಾರೆ. ಆಮೇಲೆ ನನ್ನನ್ನು ಕರೆದು "ಪ್ಲಾನ್ ಯಾಕೆ ತಪ್ಪಿತು?" ಅಂತ ಕೇಳುತ್ತಾರೆ.

ಅನುಭವ ಇರುವವರು ಹೇಳಿ. ನಾನು ಸೆಟ್ಟರ್ ಆಗಿಯೇ ಇರಬೇಕಿತ್ತೇನೋ ಅನಿಸುತ್ತಿದೆ.

ಖಡಕ್ ಮೇಸ್ತ್ರಿ | ರಾತ್ರಿ 9:58

ಇದರಲ್ಲಿ ಯೋಚನೆ ಮಾಡುವುದು ಏನಿದೆ? ತಡವಾಗಿ ಬಂದರೆ ಅರ್ಧ ದಿನದ ಸಂಬಳ ಕಟ್ ಮಾಡಿ. ಎರಡು ಸಲ ಕಟ್ ಮಾಡಿದರೆ ಮೂರನೇ ದಿನ 5:50ಕ್ಕೇ ಗೇಟ್ ಹತ್ತಿರ ಇರುತ್ತಾನೆ. ಕೆಲಸದ ಜಾಗದಲ್ಲಿ ಸ್ನೇಹ ಇಟ್ಟುಕೊಂಡರೆ ಹೀಗೇ ಆಗುವುದು. ನಾನು 20 ವರ್ಷ ಕಟ್ಟಡದ ಕೆಲಸ ಮಾಡಿಸಿದ್ದೇನೆ, ಒಬ್ಬರ ಜೊತೆಗೂ ಕೂತು ಟೀ ಕುಡಿದಿಲ್ಲ.

ಜಾಲಹಳ್ಳಿ ಕ್ರಾಸ್ | ರಾತ್ರಿ 10:03

20 ವರ್ಷ ಒಬ್ಬರೇ ಟೀ ಕುಡಿದಿರಾ ಸರ್? ಕೇಳಿ ಬೇಜಾರಾಯಿತು.

ಎಚ್‌ಆರ್ ಅಕ್ಕ | ರಾತ್ರಿ 10:15

ಖಡಕ್ ಮೇಸ್ತ್ರಿಯವರೇ, ಹಾಗೆ ಅರ್ಧ ದಿನ ಕಟ್ ಮಾಡಲು ಬರುವುದಿಲ್ಲ. ವೇತನದ ಕಾನೂನಿನಲ್ಲಿ ಗೈರುಹಾಜರಿಗೆ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೆ ಮಾತ್ರ ಕಡಿತ. 8 ಗಂಟೆಯ ಶಿಫ್ಟ್‌ನಲ್ಲಿ ಅರ್ಧ ಗಂಟೆ ತಡವಾದರೆ ಆ ದಿನದ ಸಂಬಳದ 16ರಲ್ಲಿ ಒಂದು ಭಾಗ. ದಂಡ ಬೇರೆ ವಿಷಯ. ಅದಕ್ಕೂ ಮಿತಿ ಇದೆ: ತಿಂಗಳ ವೇತನದ 3%. ಅದನ್ನು ಹಾಕುವ ಮೊದಲು ಕೆಲಸಗಾರನಿಗೆ ಕಾರಣ ಹೇಳಲು ಅವಕಾಶ ಕೊಡಲೇಬೇಕು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೂ ಈ 3% ಹಾಗೇ ಇದೆ.

ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ. "ಕಾರಣ ಕೇಳಿ" ಅನ್ನುವುದು ಕಾನೂನಿನಲ್ಲೇ ಇದೆ. ಪೀಣ್ಯದ ತಮ್ಮಾ, ನೀವು ಕೂಗುವ ಮೊದಲು ಕಾರಣ ಕೇಳಿದಿರಾ?

ಪೀಣ್ಯ ಎರಡನೇ ಹಂತ | ರಾತ್ರಿ 10:21

ಇಲ್ಲ ಅಕ್ಕ. ಕೇಳಲಿಲ್ಲ. "ಯಾಕೆ ಲೇಟು?" ಅಂತ ಎರಡು ಸಲ ಅಂದಿದ್ದೆ. ಅದು ಬೈಗುಳದ ತರಹ ಇತ್ತು, ಪ್ರಶ್ನೆ ತರಹ ಇರಲಿಲ್ಲ.

ಲೈನ್ ನಂಬರ್ 7 | ರಾತ್ರಿ 10:48

ಇದನ್ನು ಓದಿ ಸುಮ್ಮನೆ ಇರಲು ಆಗಲಿಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಲೈನ್ ಸೂಪರ್‌ವೈಸರ್. ಕೈಕೆಳಗೆ 38 ಜನ, ಹೆಚ್ಚಿನವರು ಹೆಂಗಸರು.

ಟೈಲರ್ ಆಗಿದ್ದಾಗ ಒಂದು ದಿನ ಕಾಲರ್ ಅಟ್ಯಾಚ್ ಆಪರೇಷನ್‌ನಲ್ಲಿ ನನ್ನದು 11 ಪೀಸ್ ವಾಪಸ್ ಬಂತು. ಆಗಿನ ಸೂಪರ್‌ವೈಸರ್ ಆ ಬಂಡಲ್ ತಂದು ನನ್ನ ಮುಖದ ಮೇಲೆ ಎಸೆದ. ಇಡೀ ಲೈನ್ ನೋಡುತ್ತಿತ್ತು. ಪಕ್ಕದ ಮೆಷಿನ್‌ನಲ್ಲಿ ನನ್ನ ನಾದಿನಿ ಕೂತಿದ್ದಳು. ಅದು ಮನೆಗೂ ಮುಟ್ಟಿತು. ಆಮೇಲೆ ಮೂರು ವಾರ ನನ್ನ ಕೈ ನಡುಗುತ್ತಿತ್ತು, ಪೀಸ್ ಇನ್ನೂ ಹಾಳಾಗುತ್ತಿತ್ತು. ತಪ್ಪು ನನ್ನದೇ ಇತ್ತು. ಆದರೆ ಕಾಲರ್ ಯಾಕೆ ತಿರುಗುತ್ತಿದೆ ಅಂತ ಅವನು ಒಮ್ಮೆ ತೋರಿಸಿದ್ದರೆ ಅವತ್ತೇ ಸರಿಹೋಗುತ್ತಿತ್ತು.

ನಾನು ಸೂಪರ್‌ವೈಸರ್ ಆದ ದಿನ ನನಗೆ ನಾನೇ ಮಾತು ಕೊಟ್ಟುಕೊಂಡೆ. ಬೈಯುವುದಾದರೆ ಪಕ್ಕಕ್ಕೆ ಕರೆದು, ಹೊಗಳುವುದಾದರೆ ಎಲ್ಲರ ಎದುರಿಗೆ. ಟಾರ್ಗೆಟ್ ಒತ್ತಡ ನನಗೂ ಇದೆ. ಪ್ರತಿ ಗಂಟೆ ಬೋರ್ಡ್ ಮೇಲೆ ನಂಬರ್ ಬರೆಯಬೇಕು. ಮೇಲಿನವರು ನನಗೆ ಬೈಯುತ್ತಾರೆ. ಅದನ್ನು ಹಾಗೇ ಕೆಳಕ್ಕೆ ದಾಟಿಸುವುದು ಸುಲಭ. ಅಲ್ಲಿ ತಡೆಯಬೇಕು, ಅದಕ್ಕೇ ನಮ್ಮನ್ನು ಮಧ್ಯೆ ಇಟ್ಟಿರುವುದು.

ಖಡಕ್ ಮೇಸ್ತ್ರಿ | ರಾತ್ರಿ 10:55

ಅಕ್ಕ, ಮುಖಕ್ಕೆ ಎಸೆದಿದ್ದು ತಪ್ಪು. ಅದನ್ನು ನಾನು ಸರಿ ಅನ್ನುವುದಿಲ್ಲ. ಆದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರೆ ಉಳಿದವರಿಗೆ ಗೊತ್ತಾಗುವುದು ಹೇಗೆ? ತಪ್ಪು ಮಾಡಿದವನಿಗೆ ಏನೂ ಆಗಲಿಲ್ಲ ಅಂದುಕೊಳ್ಳುತ್ತಾರೆ.

ರಾತ್ರಿ ಪಾಳಿ | ರಾತ್ರಿ 11:06

ನಾನು ಆಪರೇಟರ್. ನಮಗೆ ಎಲ್ಲಾ ಗೊತ್ತಾಗುತ್ತದೆ ಸರ್. ಯಾರನ್ನು ಯಾವಾಗ ಕರೆದರು, ಮುಖ ಹೇಗಿತ್ತು, ಮರುದಿನ ಅವನು ಹೇಗೆ ಕೆಲಸ ಮಾಡಿದ, ಎಲ್ಲಾ. ಕೂಗಿ ಹೇಳಬೇಕಾಗಿಲ್ಲ.

ಎಚ್‌ಆರ್ ಅಕ್ಕ | ರಾತ್ರಿ 11:12

"ಪಕ್ಕಕ್ಕೆ ಕರೆದು" ಅನ್ನುವ ಮಾತಿಗೆ ಒಂದು ತಿದ್ದುಪಡಿ. ಗಂಡಸರು ಹೆಂಗಸರ ಮೇಲೆ ಸೂಪರ್‌ವೈಸರ್ ಆಗಿರುವ ಕಡೆ, ಒಬ್ಬಳನ್ನೇ ಕರೆದು ಬಾಗಿಲು ಹಾಕಿಕೊಂಡು ಮಾತಾಡಬೇಡಿ. ಎಲ್ಲರಿಗೂ ಕಾಣುವ, ಆದರೆ ಮಾತು ಕೇಳಿಸದ ಜಾಗ ಆರಿಸಿಕೊಳ್ಳಿ. ಅಥವಾ ಇನ್ನೊಬ್ಬ ಹೆಣ್ಣುಮಗಳು ಜೊತೆಗಿರಲಿ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾನೂನು ಹೇಳುತ್ತದೆ. ಆ ಸಮಿತಿಯಲ್ಲಿ ಯಾರಿದ್ದಾರೆ ಅನ್ನುವುದು ಸೂಪರ್‌ವೈಸರ್‌ಗೆ ಗೊತ್ತಿರಬೇಕು. ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಟೂಲ್‌ರೂಮ್ 1979 | ಭಾನುವಾರ, ಬೆಳಿಗ್ಗೆ 6:30

ಮಗು, ನಿನ್ನ ಪೋಸ್ಟ್ ಎರಡು ಸಲ ಓದಿದೆ. ನಾನು 1979ರಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ಟೂಲ್‌ರೂಮ್ ಫೋರ್‌ಮನ್ ಆಗಿ ನಿವೃತ್ತಿಯಾದವನು. ನಮಗೆ ಸೂಪರ್‌ವೈಸರ್ ತರಬೇತಿ ಕೊಟ್ಟಾಗ ಹೇಳಿಕೊಟ್ಟಿದ್ದನ್ನು ಇವತ್ತಿಗೂ ಮರೆತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಅನುಭವದ ಕೆಲಸಗಾರರು ಸೈನ್ಯಕ್ಕೆ ಹೋದರು. ಕಾರ್ಖಾನೆಗೆ ಹೊಸಬರು ತುಂಬಿಕೊಂಡರು. ಆಗ 1940ರಿಂದ 1945ರವರೆಗೆ ಸೂಪರ್‌ವೈಸರ್‌ಗಳಿಗೆ ಅಂತಲೇ ಒಂದು ತರಬೇತಿ ನಡೆಸಿದರು. ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಅಂತ ಹೆಸರು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು. ಟೊಯೋಟಾದವರು ಕೆಲಸ ಕಲಿಸುವ ರೀತಿಗೆ ಅದೇ ಬುನಾದಿ.

ಅದರಲ್ಲಿ ಜನರ ಜೊತೆ ನಡೆದುಕೊಳ್ಳುವುದಕ್ಕೆ ನಾಲ್ಕೇ ಮಾತು ಇದ್ದವು. ಅವನ ಕೆಲಸ ಹೇಗೆ ನಡೆಯುತ್ತಿದೆ ಎಂದು ಅವನಿಗೆ ಹೇಳುತ್ತಿರು. ಒಳ್ಳೆಯದು ಮಾಡಿದಾಗ ಆಗಲೇ ಮೆಚ್ಚು. ಏನಾದರೂ ಬದಲಾವಣೆ ಬರುವುದಿದ್ದರೆ ಮೊದಲೇ ತಿಳಿಸು. ಅವನಲ್ಲಿರುವ ಸಾಮರ್ಥ್ಯವನ್ನು ಪೂರ್ತಿ ಬಳಸಿಕೊ. ಇನ್ನು ಕಲಿಸುವುದರ ಬಗ್ಗೆ ಒಂದೇ ಮಾತು: ಕಲಿಯುವವನು ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ.

ತೊಂದರೆ ಬಂದಾಗ ಏನು ಮಾಡಬೇಕು ಅನ್ನುವುದಕ್ಕೂ ಕ್ರಮ ಇತ್ತು. ಮೊದಲು ನಡೆದಿದ್ದು ಏನು ಅಂತ ತಿಳಿದುಕೊ. ಆಮೇಲೆ ತೂಗಿ ನೋಡಿ ತೀರ್ಮಾನ ಮಾಡು. ಆಮೇಲೆ ಕೈ ಹಾಕು. ಕೈ ಹಾಕಿದ ಮೇಲೆ ಏನಾಯಿತು ಅಂತ ತಿರುಗಿ ನೋಡು. ನೀನು ಮೂರನೆಯದರಿಂದ ಶುರು ಮಾಡಿದೆ.

ಈಗ ಒಂದು ಕೆಲಸ ಮಾಡು. ಹಾಜರಿ ಪುಸ್ತಕ ತೆಗೆದು ಅವನು ಯಾವ ಯಾವ ದಿನ ತಡವಾಗಿ ಬಂದ ಅಂತ ಒಂದು ಹಾಳೆಯ ಮೇಲೆ ಬರೆ. ಪಕ್ಕದಲ್ಲಿ ರಿಜೆಕ್ಷನ್ ಆದ ದಿನಗಳನ್ನು ಬರೆ. ಎರಡೂ ಒಂದೇ ತೊಂದರೆಯೋ ಬೇರೆ ಬೇರೆಯೋ ನೋಡು. ಆಮೇಲೆ ಅವನ ಮನೆಗೆ ಹೋಗು. ಫೋನ್ ಬೇಡ.

ಬಿಸಿ ಇಡ್ಲಿ | ಬೆಳಿಗ್ಗೆ 11:20

ಬೆಳಗಿನ ರಶ್ ಮುಗಿಸಿ ಈಗ ನೋಡಿದೆ. ನಾನು ಒಂದು ದರ್ಶಿನಿಯ ಮ್ಯಾನೇಜರ್.

ಮಾಲೀಕರ ವಿಷಯಕ್ಕೆ ನನ್ನದೊಂದು ಅನುಭವ. ನಮ್ಮಲ್ಲಿ ಅಪ್ಪ, ಮಗ ಇಬ್ಬರೂ ಬರುತ್ತಾರೆ. ಅಪ್ಪ ಅಡುಗೆಮನೆಗೆ ಹೋಗಿ "ಚಟ್ನಿ ಗಟ್ಟಿ ಇರಲಿ" ಎನ್ನುತ್ತಾರೆ. ಗಂಟೆ ಬಿಟ್ಟು ಮಗ ಬಂದು "ಇಷ್ಟು ಗಟ್ಟಿ ಯಾಕೆ, ಕಾಯಿ ರೇಟ್ ಗೊತ್ತಾ?" ಎನ್ನುತ್ತಾರೆ. ಅಡುಗೆ ಭಟ್ಟರು ಒಂದು ದಿನ ಸೌಟು ಕೆಳಗಿಟ್ಟು ಊರಿಗೆ ಹೋಗಿಬಿಟ್ಟರು. ಕುಂದಾಪುರದಿಂದ ಅವರನ್ನು ವಾಪಸ್ ಕರೆಸಲು ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ಗಿರಾಕಿಗಳು ಸಾಂಬಾರ್ ಬಾಯಿಗಿಟ್ಟು ನನ್ನ ಮುಖ ನೋಡುತ್ತಿದ್ದರು.

ಆಮೇಲೆ ನಾನು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದೆ. ಒಳಗಿನವರಿಗೆ ಏನೇ ಹೇಳುವುದಿದ್ದರೂ ನನಗೆ ಹೇಳಿ, ನಾನು ಹೇಳುತ್ತೇನೆ. ಸರಿ ಬರಲಿಲ್ಲ ಅಂದರೆ ನನ್ನನ್ನು ಕೇಳಿ. ಈಗ ಮುಕ್ಕಾಲು ಪಾಲು ನಡೆಯುತ್ತಿದೆ.

ಔಟರ್ ರಿಂಗ್ ರೋಡ್ | ಬೆಳಿಗ್ಗೆ 11:41

ಚಟ್ನಿ ಕಥೆ ನೂರಕ್ಕೆ ನೂರು ಸತ್ಯ. ಫ್ರಾನ್ಸ್‌ನಲ್ಲಿ ಗಣಿ ಕಂಪನಿ ನಡೆಸಿದ ಆನ್ರಿ ಫಯೋಲ್ ಎಂಬ ಎಂಜಿನಿಯರ್ 1916ರಲ್ಲೇ ಇದನ್ನು ಬರೆದಿದ್ದಾರೆ. ಅವರು ಹೇಳಿದ 14 ತತ್ವಗಳಲ್ಲಿ ಒಂದು: ಒಬ್ಬ ಕೆಲಸಗಾರನಿಗೆ ಒಬ್ಬರೇ ಆದೇಶ ಕೊಡಬೇಕು.

ನಾನು ಐಟಿಯಲ್ಲಿ ಟೀಮ್ ಲೀಡ್. ನಮ್ಮಲ್ಲೂ ಇದೇ ಗೋಳು. ಹುಡುಗರಿಗೆ ನಾನು ಒಂದು ಹೇಳುತ್ತೇನೆ, ಪ್ರಾಜೆಕ್ಟ್ ಮ್ಯಾನೇಜರ್ ಇನ್ನೊಂದು, ಕ್ಲೈಂಟ್ ನೇರವಾಗಿ ಮತ್ತೊಂದು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಿರುವವನು ಮಾತ್ರ ಆ ಹುಡುಗ.

ಖಡಕ್ ಮೇಸ್ತ್ರಿಯವರಿಗೆ ಒಂದು ಮಾತು. ಡಗ್ಲಸ್ ಮೆಕ್‌ಗ್ರೆಗರ್ 1960ರಲ್ಲಿ ಎರಡು ಬಗೆಯ ನಂಬಿಕೆ ಬಗ್ಗೆ ಬರೆದರು. ಒಂದು, ಜನಕ್ಕೆ ಕೆಲಸ ಅಂದರೆ ಆಗದು, ಹಿಂದೆ ಬಿದ್ದು ಮಾಡಿಸಬೇಕು. ಇನ್ನೊಂದು, ಸರಿಯಾದ ವಾತಾವರಣ ಇದ್ದರೆ ಜನ ತಾವೇ ಜವಾಬ್ದಾರಿ ತೆಗೆದುಕೊಳ್ಳುತ್ತಾರೆ. ನೀವು ಮೊದಲನೆಯದನ್ನು ನಂಬಿದ್ದೀರಿ. ನಾನು ಎರಡನೆಯದನ್ನು ನಂಬುತ್ತೇನೆ.

ಖಡಕ್ ಮೇಸ್ತ್ರಿ | ಮಧ್ಯಾಹ್ನ 12:10

ಎಸಿ ರೂಮ್‌ನಲ್ಲಿ ಕೂತು ನಂಬುವುದು ಸುಲಭ ಸರ್. ಸೆಂಟ್ರಿಂಗ್ ಸರಿ ಕಟ್ಟದಿದ್ದರೆ ಮೋಲ್ಡ್ ಕುಸಿಯುತ್ತದೆ, ಜನ ಸಾಯುತ್ತಾರೆ. ಅಲ್ಲಿ "ನೀನೇ ಜವಾಬ್ದಾರಿ ತೆಗೆದುಕೊ" ಅಂತ ಬಿಟ್ಟು ಕೂರಲು ಆಗುವುದಿಲ್ಲ. ನಾನು ಜೋರು ಮಾಡುವುದು ಹೆದರಿಕೆಯಿಂದ. ಒಬ್ಬ ಹುಡುಗ ಮೂರನೇ ಮಹಡಿಯಿಂದ ಬಿದ್ದಿದ್ದನ್ನು ನೋಡಿದ್ದೇನೆ. ಬೆಲ್ಟ್ ಹಾಕಿರಲಿಲ್ಲ. ಅವತ್ತಿನಿಂದ ನನ್ನ ಗಂಟಲು ದೊಡ್ಡದಾಯಿತು.

ಔಟರ್ ರಿಂಗ್ ರೋಡ್ | ಮಧ್ಯಾಹ್ನ 12:19

ಕ್ಷಮಿಸಿ ಸರ್. ನಿಮ್ಮ ಮಾತು ಒಪ್ಪುತ್ತೇನೆ. ಜೀವದ ವಿಷಯ ಬಂದಾಗ ಚರ್ಚೆ ಇಲ್ಲ, ಆ ಕ್ಷಣ ಕೂಗಿಯೇ ನಿಲ್ಲಿಸಬೇಕು. ನಾನು ಅದನ್ನು ಯೋಚಿಸಿರಲಿಲ್ಲ.

ಲೈನ್ ನಂಬರ್ 7 | ಮಧ್ಯಾಹ್ನ 12:30

ಮೇಸ್ತ್ರಿಯವರೇ, ಬೆಲ್ಟ್ ಹಾಕದವನಿಗೆ ಕೂಗಿ. ಖಂಡಿತ ಕೂಗಿ. ಅರ್ಧ ಗಂಟೆ ಲೇಟಾದವನಿಗೂ ಅದೇ ಗಂಟಲು ಬಳಸಿದರೆ, ಬೆಲ್ಟಿನ ಕೂಗು ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಚಿಕ್ಕ ಕಾರ್ಖಾನೆ | ಮಧ್ಯಾಹ್ನ 1:05

ಎಲ್ಲರೂ ಮಾಲೀಕರಿಗೆ ಬೈಯುತ್ತಿದ್ದೀರಿ. ನನ್ನ ಕಡೆಯದನ್ನೂ ಕೇಳಿ. ನನ್ನದು ಆರು ಮೆಷಿನ್‌ನ ಘಟಕ. ಗಿರಾಕಿ ಬೆಳಿಗ್ಗೆ 7ಕ್ಕೆ ಫೋನ್ ಮಾಡಿ "ಇವತ್ತು ಸಂಜೆ 200 ಪೀಸ್ ಬೇಕೇ ಬೇಕು, ಇಲ್ಲದಿದ್ದರೆ ನಮ್ಮ ಲೈನ್ ನಿಲ್ಲುತ್ತದೆ" ಎನ್ನುತ್ತಾನೆ. ನಾನು ಓಡುತ್ತೇನೆ. ಮೊದಲು ಸಿಕ್ಕಿದ ಆಪರೇಟರ್‌ಗೆ ಹೇಳುತ್ತೇನೆ. ಸೂಪರ್‌ವೈಸರ್‌ಗೆ ಅವಮಾನ ಮಾಡಬೇಕು ಅಂತ ಅಲ್ಲ. ಬ್ಯಾಂಕಿನ ಕಂತು, ಕರೆಂಟ್ ಬಿಲ್ಲು, 7ನೇ ತಾರೀಕಿನ ಸಂಬಳ, ಎಲ್ಲಾ ತಲೆಯಲ್ಲಿ ತಿರುಗುತ್ತಿರುತ್ತದೆ.

ನನ್ನ ಸೂಪರ್‌ವೈಸರ್ ಒಂದು ಉಪಾಯ ಮಾಡಿದ. ಬೆಳಿಗ್ಗೆ ಒಂದು ಬಿಳಿ ಬೋರ್ಡ್ ಮೇಲೆ ಯಾವ ಮೆಷಿನ್, ಯಾವ ಜಾಬ್, ಎಷ್ಟು ಪೀಸ್, ಯಾವಾಗ ಮುಗಿಯುತ್ತದೆ ಅಂತ ಬರೆಯುತ್ತಾನೆ. ನಾನು ಏನಾದರೂ ಬದಲಾಯಿಸುವುದಿದ್ದರೆ ಬೋರ್ಡ್ ಹತ್ತಿರ ಹೋಗಬೇಕು. ಅಲ್ಲಿ ನಿಂತಾಗ ಒಂದನ್ನು ಸೇರಿಸಿದರೆ ಇನ್ನೊಂದನ್ನು ಅಳಿಸಬೇಕು ಅನ್ನುವುದು ನನ್ನ ಕಣ್ಣಿಗೇ ಕಾಣುತ್ತದೆ. ಜಗಳ ಕಡಿಮೆಯಾಯಿತು. ನಿಮ್ಮ ಮಾಲೀಕರ ಜೊತೆಗೂ ಪ್ರಯತ್ನಿಸಿ. ಆಪರೇಟರ್‌ಗಳ ಎದುರಿಗೆ ಮಾತ್ರ ಈ ಮಾತು ಎತ್ತಬೇಡಿ.

ಜಾಲಹಳ್ಳಿ ಕ್ರಾಸ್ | ಮಧ್ಯಾಹ್ನ 1:15

ಬಿಸಿ ಇಡ್ಲಿಯವರೇ, ನಿಮ್ಮ ದರ್ಶಿನಿ ಎಲ್ಲಿ? ಈಗ ಚಟ್ನಿ ಗಟ್ಟಿಯೋ ನೀರೋ?

ಬಿಸಿ ಇಡ್ಲಿ | ಮಧ್ಯಾಹ್ನ 3:40

ಗಟ್ಟಿ. ಜಾಗ ಇಲ್ಲಿ ಹೇಳಿದರೆ ಮಾಲೀಕರಿಗೆ ಗೊತ್ತಾಗುತ್ತದೆ.

ರಾತ್ರಿ ಪಾಳಿ | ಸಂಜೆ 4:22

ಒಂದು ವಿಷಯ ಯಾರೂ ಕೇಳಲಿಲ್ಲ. ಅಣ್ಣ, ನೀವು ಸೂಪರ್‌ವೈಸರ್ ಆದ ಮೇಲೆ ಅವನನ್ನು ಏನಂತ ಕರೆಯುತ್ತೀರಿ? ಅವನು ನಿಮ್ಮನ್ನು ಏನಂತ ಕರೆಯುತ್ತಾನೆ?

ಪೀಣ್ಯ ಎರಡನೇ ಹಂತ | ಸಂಜೆ 4:50

ಮೊದಲು ಇಬ್ಬರೂ "ಮಗಾ" ಅನ್ನುತ್ತಿದ್ದೆವು. ಈಗ ಅವನು ಎಲ್ಲರ ಎದುರಿಗೆ "ಸರ್" ಎನ್ನುತ್ತಾನೆ. ನಾನು ಹಳೇ ರೂಢಿಯಲ್ಲಿ "ಲೋ, ಬಾರೋ" ಅಂತಲೇ ಇದ್ದೇನೆ.

ರಾತ್ರಿ ಪಾಳಿ | ಸಂಜೆ 4:58

ಅಲ್ಲೇ ನೋಡಿ ಅಣ್ಣ. "ಲೋ" ಅನ್ನುವುದು ಇಬ್ಬರೂ ಅಂದಾಗ ಪ್ರೀತಿ. ಒಬ್ಬನೇ ಅಂದರೆ ಅದು ಬೇರೆ ಆಗಿಬಿಡುತ್ತದೆ.

ಲೈನ್ ನಂಬರ್ 7 | ಸಂಜೆ 5:10

ತಮ್ಮ ಸರಿಯಾಗಿ ಹೇಳಿದ. ನಾನು ಲೈನ್‌ನಲ್ಲಿ ಎಲ್ಲರಿಗೂ "ನೀವು", "ಬನ್ನಿ", "ಅಕ್ಕ". 19 ವರ್ಷದ ಹುಡುಗಿಗೂ "ಕೊಡಿಮ್ಮ" ಅನ್ನುತ್ತೇನೆ. ಮೊದಮೊದಲು ನಕ್ಕರು. ಈಗ ಅವರವರೂ ಹಾಗೇ ಮಾತಾಡುತ್ತಾರೆ.

ಟೂಲ್‌ರೂಮ್ 1979 | ಸಂಜೆ 5:45

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಕಾಲದಲ್ಲಿ ಫೋರ್‌ಮನ್ "ಏನಯ್ಯಾ, ಊಟ ಆಯ್ತಾ?" ಅಂದರೆ ಮನೆಯವರು ಕೇಳಿದ ಹಾಗೆ ಇರುತ್ತಿತ್ತು. "ನೀವು" ಅಂದರೆ ಏನೋ ತಪ್ಪಾಗಿದೆ, ಮೆಮೊ ಬರುತ್ತದೆ ಅಂತ ಅರ್ಥ. ಧ್ವನಿ ಮುಖ್ಯ, ಏಕವಚನ ಬಹುವಚನ ಅಲ್ಲ.

ಎಚ್‌ಆರ್ ಅಕ್ಕ | ಸಂಜೆ 6:02

ಸರ್, ಗೌರವದಿಂದಲೇ ಹೇಳುತ್ತೇನೆ. ನಿಮ್ಮ ಫೋರ್‌ಮನ್ ವಯಸ್ಸಿನಲ್ಲಿ ದೊಡ್ಡವರು, ಅದಕ್ಕೇ ಆ ಏಕವಚನ ಸಲ್ಲುತ್ತಿತ್ತು. ಇವತ್ತು 26 ವರ್ಷದ ಸೂಪರ್‌ವೈಸರ್ 50 ವರ್ಷದ ಹೆಲ್ಪರ್‌ಗೆ "ಏನಯ್ಯಾ" ಅಂದರೆ ಧ್ವನಿ ಎಷ್ಟೇ ಮೆತ್ತಗಿದ್ದರೂ ನೋವಾಗುತ್ತದೆ. ಒಡಿಶಾ, ಬಿಹಾರದಿಂದ ಬಂದ ಹುಡುಗರಿಗೆ ಹರಕು ಹಿಂದಿಯಲ್ಲಿ "ತೂ" ಅನ್ನುವುದನ್ನೂ ಕೇಳಿದ್ದೇನೆ. ಅವರ ಭಾಷೆಯಲ್ಲಿ ಅದು ಎಷ್ಟು ಚುಚ್ಚುತ್ತದೆ ಅಂತ ಹೇಳುವವರಿಗೆ ಗೊತ್ತೇ ಇರುವುದಿಲ್ಲ.

ಟೂಲ್‌ರೂಮ್ 1979 | ಸಂಜೆ 6:20

ವಯಸ್ಸಿನ ವಿಷಯ ಸರಿ ಅಮ್ಮ. ಅದನ್ನು ಬಿಟ್ಟಿದ್ದೆ.

ಧ್ವನಿ ಅಂದೆನಲ್ಲ, ಒಂದು ನೆನಪು ಬರೆಯುತ್ತೇನೆ. 1980ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳಲ್ಲಿ ದೊಡ್ಡ ಮುಷ್ಕರ ಶುರುವಾಯಿತು. 77 ದಿನ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಟೆಲಿಫೋನ್ ಕಾರ್ಖಾನೆ ಐಟಿಐ, ಬಿಇಎಂಎಲ್, ಎಲ್ಲಾ ಕಡೆ. ಮಾರ್ಚ್‌ನಲ್ಲಿ ವಾಪಸ್ ಒಳಗೆ ಹೋದ ದಿನ ಎಲ್ಲರ ಮುಖ ಬಿಗಿದುಕೊಂಡಿತ್ತು. ನಮ್ಮ ಫೋರ್‌ಮನ್ ಮುಷ್ಕರದ ಮಾತೇ ಎತ್ತಲಿಲ್ಲ. ಒಂದೊಂದೇ ಬೆಂಚ್ ಹತ್ತಿರ ಬಂದು "ಮನೆಯಲ್ಲಿ ಅಕ್ಕಿ ಸಾಕಾಯ್ತೇನಯ್ಯಾ?" ಅಂತ ಕೇಳಿದರು. ನಾನು ಆಗ ಅಪ್ರೆಂಟಿಸ್. ಪಕ್ಕದ ಬೆಂಚಿನ ಹಿರಿಯ ಫಿಟ್ಟರ್ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡಿದ್ದು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಮೆಷಿನ್ ಎಲ್ಲಾ ಓಡುತ್ತಿದ್ದವು.

ಲೈನ್ ನಂಬರ್ 7 | ಸಂಜೆ 6:41

ಸರ್, ನಮಗೆ 2016ರ ಏಪ್ರಿಲ್ ನೆನಪಾಯಿತು. ಪಿಎಫ್ ದುಡ್ಡು ತೆಗೆಯುವ ನಿಯಮ ಬದಲಾಗುತ್ತದೆ ಅಂತ ಸುದ್ದಿ ಬಂದು ಗಾರ್ಮೆಂಟ್ಸ್ ಹೆಂಗಸರೆಲ್ಲ ರಸ್ತೆಗೆ ಇಳಿದಿದ್ದೆವು. ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲಾ ನಿಂತುಹೋಗಿತ್ತು. ಕೊನೆಗೆ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅವತ್ತು ನಮ್ಮ ಲೈನ್‌ನಲ್ಲಿ ಕೂತು ಅದು ಏನು, ಎಷ್ಟು ದುಡ್ಡು, ಯಾವಾಗ ಅಂತ ಬಿಡಿಸಿ ಹೇಳಿದವರು ಒಬ್ಬರೂ ಇರಲಿಲ್ಲ. ನಮ್ಮ ದುಡ್ಡಿನ ವಿಷಯ ನಮಗೆ ಗಾಳಿಮಾತಿನಲ್ಲಿ ಗೊತ್ತಾಯಿತು. ನೀವು ಬರೆದ "ಬದಲಾವಣೆ ಮೊದಲೇ ತಿಳಿಸು" ಓದಿದಾಗ ಅದೇ ಕಣ್ಣ ಮುಂದೆ ಬಂತು.

ಪೀಣ್ಯ ಎರಡನೇ ಹಂತ | ಭಾನುವಾರ, ರಾತ್ರಿ 10:30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ತಾನೇ ಅವನ ಮನೆಯಿಂದ ಬಂದೆ.

ಮೊದಲು ಟೂಲ್‌ರೂಮ್ ಸರ್ ಹೇಳಿದ ಹಾಗೆ ದಿನ ಬರೆದೆ. ಒಂದು ವಾರ ಸೋಮ, ಬುಧ, ಶುಕ್ರ ಲೇಟು. ಮುಂದಿನ ವಾರ ಮಂಗಳ, ಗುರು, ಶನಿ. ಮತ್ತೆ ಸೋಮ, ಬುಧ, ಶುಕ್ರ. ದಿನ ಬಿಟ್ಟು ದಿನ! ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ಬರುವುದು ಏನು ಅಂತ ನಿಮಗೆಲ್ಲ ಗೊತ್ತು. ನೀರು.

ಅವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾರೆ. ಮನೆಯಲ್ಲಿ ಅವನು, ಅವನ ಅಮ್ಮ. ಅಮ್ಮನಿಗೆ ಮಂಡಿ ನೋವು. ಮನೆ ಮೂರನೇ ಮಹಡಿ, ನಲ್ಲಿ ಇರುವುದು ಕೆಳಗೆ. ನೀರು ಬಿಡುವುದು ಬೆಳಿಗ್ಗೆ 5ಕ್ಕೆ, ಐದು ಮನೆಯವರು ಸರದಿ. ಕೊಡ ಹೊತ್ತು ಡ್ರಮ್ ತುಂಬಿಸಿ ಓಡಿ ಬರುತ್ತಾನೆ. ನನಗೆ ಯಾಕೆ ಹೇಳಲಿಲ್ಲ ಅಂದೆ. "ನೀನು ಸೂಪರ್‌ವೈಸರ್ ಆದ ಮೇಲೆ ರಿಯಾಯಿತಿ ಕೇಳಿದರೆ ಗೆಳೆತನ ಬಳಸಿಕೊಂಡ ಅಂತಾರೆ. ನಿನಗೇ ಕೆಟ್ಟ ಹೆಸರು" ಅಂದ. ನನಗೆ ಮಾತೇ ಹೊರಡಲಿಲ್ಲ.

ರಿಜೆಕ್ಷನ್ ಆಗಿದ್ದೂ ಅದೇ ದಿನಗಳಲ್ಲಿ. ಮೂರನೇ ಶಿಫ್ಟ್ ಹುಡುಗ 6ಕ್ಕೆ ಸರಿಯಾಗಿ ಹೊರಡುತ್ತಾನೆ, ಅವನಿಗೆ ಬಸ್ಸು. ಇವನು ಬರುವಾಗ ಅವನು ಇರುವುದಿಲ್ಲ. ರಾತ್ರಿ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದ ಹಾಗೆ ಆ ಹುಡುಗ ಆಫ್‌ಸೆಟ್ (ಸವೆತ ಸರಿದೂಗಿಸಲು ಮೆಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಕೊಟ್ಟಿರುತ್ತಾನೆ. ಇವನು ಬಂದು ಹೊಸ ಇನ್ಸರ್ಟ್ ಹಾಕಿ, ಹಳೇ ಆಫ್‌ಸೆಟ್ ತೆಗೆಯದೆ ಓಡಿಸಿದರೆ ಬೋರ್ ದೊಡ್ಡದಾಗುತ್ತದೆ. ಲೇಟಾಗಿದೆ ಅನ್ನುವ ಗಾಬರಿಯಲ್ಲಿ ಮೊದಲ ಪೀಸ್ ಅಳೆಯುವುದನ್ನೂ ಬಿಡುತ್ತಿದ್ದ. ಅದು ತನ್ನದೇ ತಪ್ಪು ಅಂತ ಒಪ್ಪಿಕೊಂಡ. ಯಾವ ಆಫ್‌ಸೆಟ್ ಎಷ್ಟು ಬದಲಾಯಿತು ಅಂತ ಬರೆದಿಡುವ ಪುಸ್ತಕವೇ ನಮ್ಮಲ್ಲಿ ಇಲ್ಲ. ಅದು ಅವನ ತಪ್ಪಲ್ಲ, ನನ್ನದು. ಸೆಟ್ಟರ್ ಆಗಿದ್ದಾಗ ನಾನೇ ಎಲ್ಲಾ ನೆನಪಿಟ್ಟುಕೊಳ್ಳುತ್ತಿದ್ದೆ.

ಕ್ಷಮೆ ಕೇಳಿದೆ. ಎಲ್ಲರ ಎದುರಿಗೆ ಕೂಗಿದ್ದಕ್ಕೆ ಎಲ್ಲರ ಎದುರಿಗೇ ಕೇಳುತ್ತೇನೆ ಅಂದೆ. ಬೇಡ ಅಂದ. ಆದರೂ ಕೇಳುತ್ತೇನೆ.

ಜಾಲಹಳ್ಳಿ ಕ್ರಾಸ್ | ರಾತ್ರಿ 10:36

ದಿನ ಬಿಟ್ಟು ದಿನ ಅಂತ ಓದಿದ ತಕ್ಷಣ ನನಗೂ ನೀರೇ ಹೊಳೆಯಿತು. ನಮ್ಮ ಬೀದಿಯಲ್ಲೂ ಬೆಳಗಿನ ಜಾವವೇ.

ಖಡಕ್ ಮೇಸ್ತ್ರಿ | ರಾತ್ರಿ 10:52

ಒಳ್ಳೆಯದಾಯಿತು. ಅರ್ಧ ದಿನ ಕಟ್ ಅಂದಿದ್ದೆ, ಆ ಮಾತು ವಾಪಸ್. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಈಗ ಅವನಿಗೆ 6:30ಕ್ಕೆ ಬಾ ಅಂದರೆ ಉಳಿದ 13 ಜನರೂ ಒಂದೊಂದು ಕಾರಣ ತರುತ್ತಾರೆ. ಎಲ್ಲರ ಮನೆಯಲ್ಲೂ ನೀರು ಬರುತ್ತದೆ. ಆಗ ಏನು ಮಾಡುತ್ತೀರಿ?

ಚಿಕ್ಕ ಕಾರ್ಖಾನೆ | ರಾತ್ರಿ 11:00

ಇದು ನ್ಯಾಯವಾದ ಪ್ರಶ್ನೆ. ಒಬ್ಬರಿಗೆ ಕೊಟ್ಟಿದ್ದನ್ನು ಎಲ್ಲರಿಗೂ ಕೊಡಲು ಆಗಬೇಕು, ಇಲ್ಲದಿದ್ದರೆ ಕೊಡಬಾರದು. ನಾನು ಒಮ್ಮೆ ಒಬ್ಬ ಹುಡುಗನಿಗೆ ಗುಟ್ಟಾಗಿ ಅಡ್ವಾನ್ಸ್ ಕೊಟ್ಟೆ. ಒಂದೇ ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಕೇಳಿ ಇಲ್ಲ ಅನ್ನಿಸಿಕೊಂಡಿದ್ದವರು ಇಬ್ಬರು ಕೆಲಸ ಬಿಟ್ಟರು.

ಎಚ್‌ಆರ್ ಅಕ್ಕ | ರಾತ್ರಿ 11:14

6:30ಕ್ಕೆ ಬಿಡುವುದು ಬೇಡ, ಶಿಫ್ಟ್ ಬದಲಿ ಮಾಡಿ. ಯಾರಾದರೂ ಒಪ್ಪಿ ಮೊದಲ ಶಿಫ್ಟ್‌ಗೆ ಬಂದರೆ ಇವನು ಎರಡನೆಯದಕ್ಕೆ ಹೋಗಲಿ. ಈ ಬದಲಿ ಸೌಲಭ್ಯ ಎಲ್ಲರಿಗೂ ಇದೆ ಅಂತ ಬೋರ್ಡ್ ಮೇಲೆ ಹಾಕಿ. ಇಬ್ಬರ ಸಹಿ, ಎಷ್ಟು ದಿನ ಅಂತ ಬರಹದಲ್ಲಿ ಇರಲಿ. ಆಮೇಲೂ ಕಾರಣ ಇಲ್ಲದೆ ಯಾರಾದರೂ ತಡವಾಗಿ ಬಂದರೆ ಮೊದಲು ಮಾತು, ನಂತರ ಬರಹದಲ್ಲಿ ಎಚ್ಚರಿಕೆ, ನಂತರ ಶೋಕಾಸ್ ನೋಟಿಸ್. ಯಾರೇ ಆದರೂ ಅದೇ ಕ್ರಮ. ನಿಮ್ಮ ಗೆಳೆಯನಾದರೂ ಅಷ್ಟೇ.

ಪೀಣ್ಯ ಎರಡನೇ ಹಂತ | ಬುಧವಾರ, ರಾತ್ರಿ 8:15

ಮೂರು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಸೋಮವಾರ ಬಂದ. 2 ಗಂಟೆಗೆ ಶಿಫ್ಟ್ ಬದಲಾಗುವಾಗ ಎರಡು ಶಿಫ್ಟಿನವರೂ ಇರುತ್ತಾರೆ, ಆಗ ಕ್ಷಮೆ ಕೇಳಿದೆ. ಒಂದೇ ಸಾಲು. ಯಾರೂ ಏನೂ ಅನ್ನಲಿಲ್ಲ. ಎರಡನೇ ಶಿಫ್ಟಿನ ಒಬ್ಬರು, 52 ವರ್ಷ, "ನನಗೂ ರಾತ್ರಿ 10ಕ್ಕೆ ಬಸ್ಸು ಸಿಗುವುದು ಕಷ್ಟ, ನಾನು ಮೊದಲ ಶಿಫ್ಟ್‌ಗೆ ಬರುತ್ತೇನೆ" ಅಂದರು. ಅವರೂ ಇಷ್ಟು ದಿನ ಹೇಳಿರಲಿಲ್ಲ! ಇಬ್ಬರ ಸಹಿ ಹಾಕಿಸಿ ಮೂರು ತಿಂಗಳಿಗೆ ಬದಲಿ ಮಾಡಿದೆವು. ಇನ್ನೊಬ್ಬ ಮುಖ ಗಂಟು ಹಾಕಿಕೊಂಡಿದ್ದಾನೆ, ಅವನಿಗೂ ಎರಡನೇ ಶಿಫ್ಟ್ ಬೇಕಿತ್ತಂತೆ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಬೋರ್ಡ್ ಹಾಕಿದೆ. ಮಾಲೀಕರು ಮಂಗಳವಾರ ಮತ್ತೆ ನೇರವಾಗಿ ಆಪರೇಟರ್ ಹತ್ತಿರ ಹೋದರು. ಇವತ್ತು ಬೋರ್ಡ್ ಹತ್ತಿರ ಬಂದರು. ನೋಡೋಣ.

ಟೂಲ್‌ರೂಮ್ 1979 | ರಾತ್ರಿ 8:40

ತುಂಬಾ ಸಂತೋಷ ಮಗು. ಆಫ್‌ಸೆಟ್ ಪುಸ್ತಕ ಶುರುವಾಯಿತಾ? ಕಾಲಂ ಏನೇನು ಹಾಕಿದೆ?

ಪೀಣ್ಯ ಎರಡನೇ ಹಂತ | ರಾತ್ರಿ 9:05

ಶುರುವಾಯಿತು ಸರ್. ತಾರೀಕು, ಶಿಫ್ಟ್, ಟೂಲ್ ನಂಬರ್, ಎಷ್ಟು ಮೈಕ್ರಾನ್ ಕೊಟ್ಟೆ, ಇನ್ಸರ್ಟ್ ಬದಲಾಯಿಸಿದ್ದು ಎಷ್ಟನೇ ಪೀಸಿಗೆ, ಮೊದಲ ಪೀಸಿನ ಅಳತೆ, ಸಹಿ. ಕೊನೆಗೆ ಒಂದು ಖಾಲಿ ಕಾಲಂ ಬಿಡೋಣ ಅಂದಿದ್ದು ಅವನೇ. ಬೇರೆ ಏನಾದರೂ ಹೇಳುವುದಿದ್ದರೆ ಬರೆಯಲು. ನಿನ್ನೆ ಮೂರನೇ ಶಿಫ್ಟ್ ಹುಡುಗ ಅದರಲ್ಲಿ "ಕೂಲೆಂಟ್ ವಾಸನೆ ಬರುತ್ತಿದೆ, ಬದಲಾಯಿಸಿ" ಅಂತ, ಮೆಷಿನ್ ತಂಪಿಡುವ ದ್ರವದ ಬಗ್ಗೆ, ಬರೆದಿದ್ದ. ಇವತ್ತು ಬದಲಾಯಿಸಿದೆವು.

ರಾತ್ರಿ ಪಾಳಿ | ರಾತ್ರಿ 9:11

ಈಗ ಏನಂತ ಕರೆಯುತ್ತಾನೆ ಅಣ್ಣ?

ಪೀಣ್ಯ ಎರಡನೇ ಹಂತ | ರಾತ್ರಿ 9:14

ಶಾಪ್ ಒಳಗೆ ಇಬ್ಬರೂ ಹೆಸರು ಹಿಡಿದು ಕರೆಯುತ್ತೇವೆ. ಗೇಟ್ ದಾಟಿದ ಮೇಲೆ ಮಗಾ.